ಪಾಳು ಮನೆ ಎದ್ದು ನಿಂತ ಮೇಲೆ ಅದರಲ್ಲಿ ಯಾರಿರುತ್ತಾರೆ?

1975ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಾಡಳಿತ ಬಂದರಿಗೆ ಹತ್ತಿರದ ಆಟರ್‌ಬೈನ್ ಎಂಬ ಹಳೆಯ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ನೂರರಷ್ಟು ಇಟ್ಟಿಗೆ ಮನೆಗಳನ್ನು ಚೀಟಿ ಎತ್ತಿ ಹಂಚಿತು. ಒಂದು ಮನೆಗೆ ಒಂದು ಡಾಲರ್. ಪಡೆದವರು ಮನೆಯನ್ನು ವಾಸಯೋಗ್ಯವಾಗುವಂತೆ ರಿಪೇರಿ ಮಾಡಿಸಿಕೊಂಡು, ನಿಗದಿತ ಅವಧಿಯವರೆಗೆ ಅಲ್ಲೇ ಇರಬೇಕು ಎಂಬುದು ಷರತ್ತು. ರಿಪೇರಿಗೆ ಸಾಲವನ್ನೂ ನಗರಾಡಳಿತವೇ ಒದಗಿಸಿತು. ಮನೆಗಳು ಉಳಿದವು, ಬೀದಿಗೆ ಮತ್ತೆ ಕಳೆ ಬಂತು. ನೋಡನೋಡುತ್ತಲೇ ಅದು ಉಳ್ಳವರ ಬಡಾವಣೆಯಾಯಿತು. ಹಳೆಯ ಕಟ್ಟಡಗಳ ಬಗ್ಗೆ ಕಾಳಜಿ ಇರುವವರು ಆಟರ್‌ಬೈನನ್ನು ಗೆಲುವಿನ ಪಟ್ಟಿಗೆ ಸೇರಿಸುತ್ತಾರೆ. ಕಡಿಮೆ ಆದಾಯದವರಿಗೆ ಮನೆ ಬೇಕು ಎನ್ನುವವರು ಅದನ್ನು ಕೈತಪ್ಪಿದ ಅವಕಾಶ ಎನ್ನುತ್ತಾರೆ.

ಎರಡೂ ನಿಜ. ಶಿಥಿಲವಾದ ಹಳೆಯ ಮನೆಗಳನ್ನು ಸರಿಪಡಿಸಿ ಸಾಮಾನ್ಯ ದುಡಿಮೆಯವರಿಗೆ ಕೈಗೆಟುಕುವ ದರದಲ್ಲಿ ಕೊಡಬೇಕೆಂಬ ಮಾತು ಈಗ ಅನೇಕ ದೇಶಗಳ ನಗರಗಳಲ್ಲಿ ಕೇಳಿಬರುತ್ತಿದೆ. ಬಾಡಿಗೆ ಮನೆಗಾಗಿ ಜನ ಅಲೆಯುವ ಊರಿನಲ್ಲೇ ಬೀಗ ತುಕ್ಕು ಹಿಡಿದ ಮನೆಗಳ ಸಾಲು ಇರುವುದು ಯಾರಿಗಾದರೂ ಹೊಟ್ಟೆ ಉರಿಸುವಂಥದ್ದೇ. ಈ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಆದರೆ ಇಂಥ ಯೋಜನೆಗಳ ಚರ್ಚೆ ಯಾವಾಗಲೂ ಕಟ್ಟಡದಲ್ಲೇ ಸಿಕ್ಕಿಕೊಳ್ಳುತ್ತದೆ: ಕೆತ್ತನೆಯ ಬಾಗಿಲು ಉಳಿಯಿತೇ, ಮುಂಭಾಗದ ಬಣ್ಣ ಹಳೆಯದಕ್ಕೆ ಹೊಂದುತ್ತದೆಯೇ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನೆಲ ಯಾರ ಹೆಸರಿನಲ್ಲಿರುತ್ತದೆ, ಬಾಡಿಗೆ ಯಾರು ನಿಗದಿ ಮಾಡುತ್ತಾರೆ, ಮಾರಿದರೆ ಲಾಭ ಯಾರಿಗೆ ಎಂಬ ಪ್ರಶ್ನೆಗಳು ಸುಣ್ಣಬಣ್ಣ ಮುಗಿದ ಮೇಲೆ ನೆನಪಾಗುತ್ತವೆ. ಅಷ್ಟು ಹೊತ್ತಿಗೆ ಕೈಮೀರಿರುತ್ತದೆ. ಕರಾರು ಮೊದಲು, ಗಾರೆ ಕೆಲಸ ಆಮೇಲೆ ಎಂಬ ಕ್ರಮ ತಪ್ಪಿದ ಕಡೆ ಮನೆ ಉಳಿಯುತ್ತದೆ, ಮನೆಯಲ್ಲಿದ್ದವರು ಎತ್ತಲೋ ಹೋಗುತ್ತಾರೆ.

ಮನೆಗಳು ಬೀಳುವುದು ಹೇಗೆ

ಹಳೆಯ ಮನೆಯನ್ನು ಕೆಡವುವುದು ವಯಸ್ಸಲ್ಲ, ನೀರು. ಮಾಡಿನಲ್ಲಿ ಒಂದು ಹೆಂಚು ಒಡೆಯುತ್ತದೆ ಅಥವಾ ಸೂರಿನ ನೀರು ಹರಿಯುವ ದೋಣಿಯಲ್ಲಿ ಎಲೆ ಕಟ್ಟಿಕೊಳ್ಳುತ್ತದೆ. ನೀರು ಗೋಡೆಗೆ ಇಳಿದು, ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಮೆತ್ತಗಾಗಿಸುತ್ತದೆ. ಅರ್ಧ ದಿನದಲ್ಲಿ ಮುಗಿಯಬಹುದಾಗಿದ್ದ ಕೆಲಸವನ್ನು ಹತ್ತು ವರ್ಷ ಮುಂದೂಡಿದರೆ ಇಡೀ ಅಂತಸ್ತನ್ನೇ ಬಿಚ್ಚಿ ಕಟ್ಟಬೇಕಾಗುತ್ತದೆ. ಹಾಗಾದರೆ ಆ ಅರ್ಧ ದಿನದ ಕೆಲಸವನ್ನು ಯಾರೂ ಯಾಕೆ ಮಾಡಿಸಲಿಲ್ಲ? ಉತ್ತರ ಮನೆಯ ಲೆಕ್ಕಪತ್ರದಲ್ಲಿದೆ.

ಮೆಕ್ಸಿಕೊ ನಗರದಲ್ಲಿ 1942ರಲ್ಲಿ ಬಾಡಿಗೆಗಳನ್ನು ಸ್ಥಗಿತಗೊಳಿಸಿದರು. ಯುದ್ಧಕಾಲದ ಬೆಲೆಯೇರಿಕೆಯಿಂದ ಬಾಡಿಗೆದಾರರನ್ನು ಕಾಪಾಡಲು ಅದು ಬೇಕಿತ್ತು. ಆದರೆ ಸ್ಥಗಿತವಾದ ಬಾಡಿಗೆ ದಶಕಗಳ ಕಾಲ ಹಾಗೇ ಉಳಿಯಿತು. ನಡುವೆ ಅಂಗಳ, ಸುತ್ತ ಕೋಣೆಗಳು, ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದೆರಡು ಶೌಚಾಲಯ: 'ವೆಸಿಂದಾದ್' ಎನ್ನುವ ಆ ವಠಾರಗಳಿಂದ ಬರುವ ಬಾಡಿಗೆ ಮಾಲೀಕರಿಗೆ ಒಂದು ಮಳೆಗಾಲದ ರಿಪೇರಿಗೂ ಸಾಲುತ್ತಿರಲಿಲ್ಲ. ಮುಂಬಯಿಯ ಚಾಳುಗಳದ್ದೂ 1947ರ ಬಾಡಿಗೆ ಕಾಯಿದೆಯ ನಂತರ ಹೆಚ್ಚುಕಡಿಮೆ ಇದೇ ಕತೆ. ಬಾಡಿಗೆ ನಿಯಂತ್ರಣ ತಪ್ಪು ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ನನಗೆ ಕಾಣುವುದು ಬೇರೆ: ಬಾಡಿಗೆಯನ್ನು ಕಟ್ಟಿಹಾಕಿದ ಸರ್ಕಾರ ರಿಪೇರಿಯ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಬರೆಯದೆ ಬಿಟ್ಟಿತು. ಬಾಡಿಗೆದಾರ ಮಾಲೀಕನತ್ತ ಕೈ ತೋರಿಸಿದ, ಮಾಲೀಕ ಕಾಯಿದೆಯತ್ತ ಕೈ ತೋರಿಸಿದ, ನಡುವೆ ಮನೆ ಕುಸಿಯಿತು.

ಅಮೆರಿಕದ ನಗರಗಳಲ್ಲಿ ಕಾರಣ ಬೇರೆ. 1930ರ ದಶಕದಲ್ಲಿ ಗೃಹಸಾಲಕ್ಕೆಂದೇ ಹುಟ್ಟಿದ ಒಂದು ಕೇಂದ್ರ ಸಂಸ್ಥೆ ಊರೂರಿನ ನಕ್ಷೆ ಬರೆಸಿ, ಕಪ್ಪು ಜನರು ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ಅಪಾಯದ ಪ್ರದೇಶ ಎಂದು ಗುರುತು ಹಾಕಿತು. ಅಂಥ ಕಡೆ ಸಾಲ ಸಿಗುವುದೇ ದುಸ್ತರವಾಯಿತು. ಸಾಲವಿಲ್ಲದೆ ರಿಪೇರಿಯಿಲ್ಲ, ರಿಪೇರಿಯಿಲ್ಲದೆ ಬೆಲೆಯಿಲ್ಲ. ದೊಡ್ಡ ಮನೆಗಳು ಕೋಣೆ ಕೋಣೆಯಾಗಿ ಒಡೆದು ಬಾಡಿಗೆಗೆ ಹೋದವು. ಇನ್ನು ವಾರಸುದಾರರ ತಕರಾರು ಎಲ್ಲ ದೇಶಗಳಲ್ಲೂ ಇದೆ. ಹದಿನಾಲ್ಕು ಜನರ ಪಾಲಿರುವ ಮನೆಗೆ ಒಬ್ಬನೂ ಕೈಯಿಂದ ದುಡ್ಡು ಹಾಕುವುದಿಲ್ಲ.

ಬ್ಯಾಂಕಿನ ಲೆಕ್ಕ

ಪಾಳು ಮನೆಯ ರಿಪೇರಿಗೆ ಬ್ಯಾಂಕು ಯಾಕೆ ಸಾಲ ಕೊಡುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಒಂದು ಮನೆಯನ್ನು ಕೊಂಡು ಸರಿಪಡಿಸಲು ಒಟ್ಟು 100 ರೂಪಾಯಿ ಬೇಕು ಎಂದುಕೊಳ್ಳಿ. ಆ ಬಡಾವಣೆಯಲ್ಲಿ ಸರಿಪಡಿಸಿದ ಮನೆಯ ಮಾರುಕಟ್ಟೆ ಬೆಲೆ 70. ಬ್ಯಾಂಕು ಮನೆಯ ಬೆಲೆಯ ನೂರಕ್ಕೆ 80ರಷ್ಟು ಸಾಲ ಕೊಡುವುದಾದರೆ ಸಿಗುವುದು 56. ಉಳಿದ 44 ಎಲ್ಲಿಂದ? ಮನೆಯವರು ಎಲ್ಲಿಂದಲಾದರೂ ತಂದು ಹಾಕಿದರೂ, ಮಾರುವಾಗ ಅದರಲ್ಲಿ 30 ಮುಳುಗಿದಂತೆಯೇ. ಬುದ್ಧಿ ನೆಟ್ಟಗಿರುವ ಯಾರೂ ಆ ಮನೆಗೆ ಕೈ ಹಾಕುವುದಿಲ್ಲ.

ಈಗ ಅದೇ ಬೀದಿಯಲ್ಲಿ ಸರ್ಕಾರದ ಅನುದಾನದಿಂದ ಇಪ್ಪತ್ತು ಮನೆಗಳು ರಿಪೇರಿಯಾದವು ಎನ್ನಿ. ಬೀದಿ ಚೆನ್ನಾಯಿತು, ಸರಿಪಡಿಸಿದ ಮನೆಯ ಬೆಲೆ 130ಕ್ಕೆ ಏರಿತು. ಈಗ ಬ್ಯಾಂಕು 104 ಕೊಡಲು ತಯಾರು. ಅನುದಾನದ ಅಗತ್ಯ ಮಾಯವಾಯಿತು, ಅದರ ಜೊತೆಗೇ ಕಡಿಮೆ ಬಾಡಿಗೆಯೂ ಮಾಯವಾಯಿತು. ಅಂದರೆ ಸಾರ್ವಜನಿಕ ಹಣಕ್ಕೆ ಅತಿ ಹೆಚ್ಚು ಬೆಲೆಯಿರುವುದು ಬಡಾವಣೆಯನ್ನು ಯಾರೂ ತಿರುಗಿ ನೋಡದ ಕಾಲದಲ್ಲಿ. ನೆಲ ಅಗ್ಗವಾಗಿರುವ ಆಗಲೇ ಕೊಂಡು, ಕರಾರು ಬರೆಸಿಕೊಂಡಿರಬೇಕು. ಬೆಲೆ ಏರಿದ ಮೇಲೆ ಎಚ್ಚೆತ್ತ ಸರ್ಕಾರ ಅದೇ ನೆಲಕ್ಕೆ ಎರಡರಷ್ಟು ತೆರುತ್ತದೆ. ಆ ಏರಿಕೆ ತನ್ನದೇ ಅನುದಾನದ ಫಲ.

ಇದನ್ನು ಬೇಗ ಅರ್ಥ ಮಾಡಿಕೊಂಡವರಲ್ಲಿ ಆಮ್ಸ್ಟರ್‌ಡ್ಯಾಮಿನವರು ಮೊದಲಿಗರು. 1956ರಲ್ಲಿ ಅಲ್ಲಿ ಸ್ಟಾಡ್ಸ್‌ಹೆರ್ಸ್ಟೆಲ್ ಎಂಬ ಕಂಪನಿ ಹುಟ್ಟಿತು. ಷೇರುದಾರರಿಗೆ ಸಿಗುವ ಲಾಭಾಂಶಕ್ಕೆ ಮಿತಿ ಇಟ್ಟುಕೊಂಡ ಕಂಪನಿ ಅದು. ಕುಸಿಯುತ್ತಿದ್ದ ಕಾಲುವೆ ಬದಿಯ ಮನೆಗಳನ್ನು ಕೊಂಡು, ಸರಿಪಡಿಸಿ, ಮಾರದೆ ಬಾಡಿಗೆಗೆ ಕೊಟ್ಟಿತು. ಮೂಲೆ ಮನೆಗಳನ್ನು ಆರಿಸಿಕೊಂಡು ಕೊಳ್ಳುತ್ತಿದ್ದುದು ಅದರ ಜಾಣತನ. ಮೂಲೆ ಮನೆ ಗಟ್ಟಿಯಾದರೆ ಎರಡೂ ಬೀದಿಗಳ ಅಕ್ಕಪಕ್ಕದವರಿಗೆ ತಮ್ಮ ಮನೆ ರಿಪೇರಿ ಮಾಡಿಸುವ ಧೈರ್ಯ ಬರುತ್ತದೆ.

ಸವಾನಾ ಕಲಿತದ್ದು, ಬೊಲೋನ್ಯಾ ಬರೆದದ್ದು

ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ 1955ರಲ್ಲಿ ಹುಟ್ಟಿದ ಪ್ರತಿಷ್ಠಾನವೊಂದು ಹಳೆಯ ಪೇಟೆಯ ಮನೆಗಳನ್ನು ಕೊಂಡು, ಕೆಡವದಂತೆ ಕರಾರು ಹಾಕಿ, ರಿಪೇರಿ ಮಾಡಿಸಿಕೊಳ್ಳುವವರಿಗೆ ಮಾರುತ್ತಿತ್ತು. ಬಂದ ಹಣದಲ್ಲಿ ಮತ್ತೆ ಮನೆ ಕೊಳ್ಳುತ್ತಿತ್ತು. ಕಟ್ಟಡ ಉಳಿಸುವ ಮಟ್ಟಿಗೆ ಅದು ಅಪೂರ್ವ ಯಶಸ್ಸು. ಆದರೆ ಕರಾರಿನಲ್ಲಿ ಗೋಡೆಗೆ ರಕ್ಷಣೆ ಇತ್ತು, ಬಾಡಿಗೆದಾರನಿಗೆ ಇರಲಿಲ್ಲ. ಪೇಟೆ ಸಿರಿವಂತವಾಯಿತು. ಆ ಕೆಲಸದಲ್ಲಿ ಮುಂದಾಳಾಗಿದ್ದ ಲಿಯೊಪೋಲ್ಡ್ ಆಡ್ಲರ್ ದಕ್ಷಿಣಕ್ಕಿರುವ ವಿಕ್ಟೋರಿಯನ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಗೂ ಇದೇ ಗತಿ ಬರುವುದನ್ನು ಕಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮರದ ಮನೆಗಳು, ಅವುಗಳಲ್ಲಿ ಬಹುಪಾಲು ಕಪ್ಪು ಜನಾಂಗದ ಬಡ ಬಾಡಿಗೆದಾರರು. 1974ರಲ್ಲಿ ಆಡ್ಲರ್ ಬೇರೆಯೇ ಸಂಸ್ಥೆ ಕಟ್ಟಿದರು. ಈ ಸಲ ಮನೆ ಕೊಂಡು ಮಾರಲಿಲ್ಲ, ಇಟ್ಟುಕೊಂಡು ಬಾಡಿಗೆಗೆ ಕೊಟ್ಟರು. ಅದೇ ವರ್ಷ ಜಾರಿಗೆ ಬಂದ 'ಸೆಕ್ಷನ್ 8' ಬಾಡಿಗೆ ಸಹಾಯಧನವನ್ನು ಹಳೆಯ ಮನೆಗಳಿಗೆ ಹೊಂದಿಸಿದರು. ಕೆಲಸವಿಲ್ಲದ ಸ್ಥಳೀಯರಿಗೆ ಮರಗೆಲಸ, ಗಾರೆ ಕೆಲಸ ಕಲಿಸಿ ಅವರಿಂದಲೇ ರಿಪೇರಿ ಮಾಡಿಸಿದರು. ಹೀಗೆ ಮುನ್ನೂರರಷ್ಟು ಸಂಸಾರಗಳಿಗೆ ಅದೇ ಬಡಾವಣೆಯಲ್ಲಿ ನೆಲೆ ಸಿಕ್ಕಿತು. ಒಂದೇ ಊರು, ಒಬ್ಬರೇ ಮುಂದಾಳು, ಎರಡು ಬೇರೆ ಕರಾರು, ಎರಡು ಬೇರೆ ಫಲ. ಈ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಹೋಲಿಕೆ ನನಗೆ ಸಿಕ್ಕಿಲ್ಲ.

ಇಟಲಿಯ ಬೊಲೋನ್ಯಾದಲ್ಲಿ ಇದು ಊರಿನ ನೀತಿಯೇ ಆಯಿತು. ಆಗ ಕಮ್ಯುನಿಸ್ಟರ ಆಡಳಿತದಲ್ಲಿದ್ದ ನಗರಸಭೆ, ವಾಸ್ತುಶಿಲ್ಪಿ ಪಿಯೆರ್ ಲುಯಿಜಿ ಚೆರ್ವೆಲ್ಲಾತಿ ಅವರ ನೇತೃತ್ವದಲ್ಲಿ, 1973ರಲ್ಲಿ ಒಂದು ದಿಟ್ಟ ಹೆಜ್ಜೆ ಇಟ್ಟಿತು. ಊರ ಹೊರಗೆ ಹೊಸ ಸಾರ್ವಜನಿಕ ವಸತಿ ಕಟ್ಟಲೆಂದು ಇದ್ದ ಕಾಯಿದೆಯನ್ನೇ ಹಿಡಿದು, ಅದೇ ಹಣವನ್ನು ನಡುವಣ ಹಳೆಯ ಊರಿನ ಶಿಥಿಲ ಮನೆಗಳಿಗೆ ಹಾಕಲು ನಿರ್ಧರಿಸಿತು. ಕುಶಲಕರ್ಮಿಗಳೂ ಕೂಲಿಕಾರರೂ ವಾಸಿಸುತ್ತಿದ್ದ ಐದು ಪ್ರದೇಶಗಳನ್ನು ಮೊದಲಿಗೆ ಆರಿಸಿಕೊಂಡರು. ಮನೆಗಳ ಅಳತೆ ತೆಗೆದು, ಮೆಟ್ಟಿಲು ಎಲ್ಲಿ, ಅಂಗಳ ಎಲ್ಲಿ, ಎಷ್ಟು ಅಂಕಣದ ಮನೆ ಎಂದು ನೋಡಿ ಮಾದರಿಗಳಾಗಿ ವಿಂಗಡಿಸಿದರು. ಯಾವ ಮಾದರಿಯ ಮನೆ ಒಂದು ಸಂಸಾರಕ್ಕೆ ಸರಿ, ಯಾವುದು ಒಂಟಿ ವೃದ್ಧರಿಗೆ, ವಿದ್ಯಾರ್ಥಿಗಳಿಗೆ ಸರಿ ಎಂದು ಅದರ ಮೇಲೆ ತೀರ್ಮಾನವಾಯಿತು. ರಿಪೇರಿ ನಡೆಯುವಾಗ ಮನೆಯವರು ಇರಲೆಂದು ಅದೇ ಪ್ರದೇಶದ ಖಾಲಿ ನಿವೇಶನಗಳಲ್ಲಿ ತಂಗುಮನೆಗಳನ್ನು ಕಟ್ಟಿದರು. ಈ ಕೊನೆಯ ವಿವರ ಸಣ್ಣದಾಗಿ ಕಾಣುತ್ತದೆ, ಆದರೆ ಬಹಳಷ್ಟು ಯೋಜನೆಗಳು ಮುರಿದು ಬೀಳುವುದು ಇಲ್ಲೇ. ಆರು ತಿಂಗಳಿಗೆಂದು ಊರಾಚೆ ಕಳಿಸಿದ ಸಂಸಾರ ಮಕ್ಕಳ ಶಾಲೆ ಬದಲಾದ ಮೇಲೆ ಹಿಂತಿರುಗುವುದು ಅಪರೂಪ.

ಖಾಸಗಿ ಮನೆಗಳನ್ನು ಸ್ವಾಧೀನ ಮಾಡಿಕೊಳ್ಳುವುದು ಮೊದಲಿನ ಯೋಜನೆ. ಒಂದೊಂದೇ ಮನೆಯಿದ್ದ ಸಣ್ಣ ಮಾಲೀಕರು ತಿರುಗಿಬಿದ್ದರು. ನಗರಸಭೆ ಹಿಂದೆ ಸರಿದು ಒಪ್ಪಂದದ ದಾರಿ ಹಿಡಿಯಿತು: ರಿಪೇರಿಗೆ ಹಣ ಕೊಡುತ್ತೇವೆ, ಬದಲಿಗೆ ನಾವು ಗೊತ್ತುಮಾಡಿದ ಬಾಡಿಗೆಗೆ, ಈಗಿರುವವರಿಗೇ ನೀವು ಮನೆ ಕೊಡಬೇಕು. ಇದನ್ನು ಸೋಲೆಂದು ಕೆಲವರು ಬರೆದರು. ಕಾಗದದ ಮೇಲಿನ ಪರಿಪೂರ್ಣ ಯೋಜನೆಗಿಂತ ಸಣ್ಣ ಮಾಲೀಕನೂ ಸಹಿ ಹಾಕುವ ಕರಾರು ಮೇಲು ಎಂದು ನಾನು ನಂಬುತ್ತೇನೆ. 1975ರಲ್ಲಿ ಯುರೋಪಿನ ದೇಶಗಳು ಸೇರಿ ಹೊರಡಿಸಿದ ಆಮ್ಸ್ಟರ್‌ಡ್ಯಾಂ ಘೋಷಣೆಯಲ್ಲೂ ಇದೇ ತಿಳುವಳಿಕೆ ಇದೆ. ಹಳೆಯ ಪ್ರದೇಶವನ್ನು ಸರಿಪಡಿಸುವಾಗ ಅಲ್ಲಿ ವಾಸಿಸುವವರ ಸಾಮಾಜಿಕ ಸ್ವರೂಪ ಸಾಧ್ಯವಾದಷ್ಟು ಬದಲಾಗಬಾರದು ಎಂದು ಅದು ಹೇಳುತ್ತದೆ.

ವಿಯೆನ್ನಾ ಹಿಡಿದ ದಾರಿ ಇನ್ನೂ ಮೆತ್ತಗಿನದು. 1918ಕ್ಕಿಂತ ಮುಂಚೆ ಕಟ್ಟಿದ ಅಲ್ಲಿನ ಬಾಡಿಗೆ ಕಟ್ಟಡಗಳಲ್ಲಿ ಎಷ್ಟೋ ಮನೆಗಳಿಗೆ ಒಳಗೆ ನಲ್ಲಿಯೂ ಇರಲಿಲ್ಲ, ಶೌಚಾಲಯವೂ ಇರಲಿಲ್ಲ. ಎರಡೂ ಕಟ್ಟಡದೊಳಗಿನ ನಡುದಾರಿಯಲ್ಲಿ, ಎಲ್ಲರಿಗೂ ಸೇರಿ. 1984ರಿಂದ ನಗರದ ನಿಧಿಯೊಂದು ಇಂಥ ಕಟ್ಟಡಗಳ ರಿಪೇರಿಗೆ ಸಹಾಯಧನ ಕೊಡುತ್ತಾ ಬಂದಿದೆ. ಬಾಡಿಗೆದಾರರು ಒಳಗಿರುವಾಗಲೇ ಕೆಲಸ ನಡೆಯುತ್ತದೆ. ಛಾವಣಿ, ಕೊಳವೆ, ಮೆಟ್ಟಿಲು, ಲಿಫ್ಟು ಮೊದಲು. ಮನೆಗಳ ಒಳಗಿನ ಕೆಲಸ ಖಾಲಿಯಾದಂತೆ, ಒಪ್ಪಿದವರದ್ದು ಒಪ್ಪಿದಂತೆ. ಸಹಾಯಧನ ಪಡೆದ ಮಾಲೀಕ ಹದಿನೈದು ವರ್ಷ ಬಾಡಿಗೆಯ ಮಿತಿಗೆ ಬದ್ಧ.

ಎಷ್ಟು ಸರಿಪಡಿಸಬೇಕು

ಅಮೆರಿಕದ ಪಾರಂಪರಿಕ ಕಟ್ಟಡಗಳ ಮಾನದಂಡಗಳು ಹಳೆಯ ಕಟ್ಟಡವೊಂದಕ್ಕೆ ನಾಲ್ಕು ಬಗೆಯ ಚಿಕಿತ್ಸೆಯನ್ನು ಒಪ್ಪುತ್ತವೆ: ಇದ್ದದ್ದನ್ನು ಇದ್ದಂತೆ ಕಾಪಾಡುವುದು, ಇಂದಿನ ಬಳಕೆಗೆ ಹೊಂದಿಸುವುದು, ಒಂದು ಕಾಲದ ರೂಪಕ್ಕೆ ಮರಳಿಸುವುದು, ಇಲ್ಲವಾದದ್ದನ್ನು ಮತ್ತೆ ಕಟ್ಟುವುದು. ವಾಸದ ಮನೆಗೆ ಎರಡನೆಯದು ಸಾಕು. ಮೂರನೆಯದನ್ನು ಬಡ ಬಾಡಿಗೆದಾರನ ಮನೆಯ ಮೇಲೆ ಹೇರಿದರೆ ಆ ಖರ್ಚು ಬಾಡಿಗೆಯಾಗಿ ಅವನ ತಲೆಗೇ ಬರುತ್ತದೆ. ಪಾರಂಪರಿಕ ಸಮಿತಿಗಳಲ್ಲಿ ಕೂರುವ ಸಹೃದಯರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ. ಹಿಂಬದಿಯ ಗೋಡೆಗೆ ಹೊಸ ಕಿಟಕಿ ಇಡಲು, ಅಡುಗೆಮನೆ ಪಕ್ಕದಲ್ಲಿ ಬಚ್ಚಲು ಸೇರಿಸಲು ಬಿಡದಿದ್ದರೆ ಆ ಮನೆಯನ್ನು ಉಳಿಸಿದಂತಾಗುವುದಿಲ್ಲ.

ಮೊದಲು ಛಾವಣಿ, ಆಮೇಲೆ ನೀರು ಹೊರಹೋಗುವ ದಾರಿ, ಆಮೇಲೆ ತೊಲೆ ಮತ್ತು ಅಡಿಪಾಯ. ಅದಾದ ಮೇಲೆ ವಿದ್ಯುತ್ತು, ಕೊಳವೆ, ಬೆಂಕಿ ಬಿದ್ದರೆ ಹೊರಬರುವ ಎರಡನೆಯ ದಾರಿ. ಕೆತ್ತನೆ, ಬಣ್ಣಗಾಜು ಇವುಗಳನ್ನು ಜೋಪಾನವಾಗಿ ಇಟ್ಟರೆ ಐದು ವರ್ಷ ಕಾಯಬಲ್ಲವು. ಕಾಯಲಾರದ್ದು ಒಂದಿದೆ: ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟು ಬಳಿಯುವ ಅಭ್ಯಾಸವನ್ನು ನಿಲ್ಲಿಸುವುದು. ಸುಣ್ಣದ ಗೋಡೆ ತೇವವನ್ನು ಹೀರಿಕೊಂಡು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಿದ್ದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮೆದು ಇಟ್ಟಿಗೆಯ ಸಂದಿಗೆ ಗಟ್ಟಿ ಸಿಮೆಂಟು ತುಂಬಿದರೆ ಗೋಡೆ ಹಿಗ್ಗಿ ಕುಗ್ಗುವಾಗ ಸಂದಿಯ ಬದಲು ಇಟ್ಟಿಗೆಯೇ ಪುಡಿಯಾಗಿ ಉದುರುತ್ತದೆ. ಅಗ್ಗದ ಕೆಲಸವೆಂದು ಮಾಡಿದ್ದು ಮತ್ತೆ ಬಿಚ್ಚುವ ಕೆಲಸವಾಗುತ್ತದೆ. ಹಳೆಯ ಬಣ್ಣದಲ್ಲಿರುವ ಸೀಸವೂ ಸಣ್ಣ ವಿಷಯವಲ್ಲ. ಅಮೆರಿಕ 1978ರಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧಿಸಿತು, ಅದಕ್ಕಿಂತ ಹಳೆಯ ಗೋಡೆಯನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಇಂಥ ಕಡೆ ಉಳಿತಾಯ ಮಾಡಬಾರದು.

ಹಳೆಯ ಮನೆಯ ರಿಪೇರಿಯ ಖರ್ಚಿನಲ್ಲಿ ಕೂಲಿಯ ಪಾಲು ಹೊಸ ಕಟ್ಟಡಕ್ಕಿಂತ ಹೆಚ್ಚು. ಅಂದಾಜು ಮೀರುವ ಭಯವೂ ಹೆಚ್ಚು, ಏಕೆಂದರೆ ಗಾರೆ ಕೆತ್ತುವವರೆಗೆ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಆದರೆ ಕೂಲಿಯಾಗಿ ಹೋದ ಹಣ ಬಡಾವಣೆಯ ಮನೆಗಳಿಗೇ ಹೋಗುವಂತೆ ಮಾಡಬಹುದು, ಸವಾನಾದಲ್ಲಿ ಮಾಡಿದ ಹಾಗೆ. ಕಟ್ಟಿದ ಗೋಡೆಯನ್ನು ಉಳಿಸಿದರೆ ಅದರ ಇಟ್ಟಿಗೆ ಸುಡಲು ಎಂದೋ ಉರಿದ ಇಂಧನವೂ ವ್ಯರ್ಥವಾಗುವುದಿಲ್ಲ.

ತೆರಿಗೆ ರಿಯಾಯಿತಿ ಮತ್ತು ಸಣ್ಣ ಮನೆಗಳ ಪಾಡು

ಅಮೆರಿಕದಲ್ಲಿ 1986ರಿಂದ ಎರಡು ತೆರಿಗೆ ರಿಯಾಯಿತಿಗಳು ಜೊತೆಜೊತೆಗೆ ಇವೆ. ಮಾನ್ಯತೆ ಪಡೆದ ಪಾರಂಪರಿಕ ಕಟ್ಟಡದ ಪುನರುಜ್ಜೀವನಕ್ಕೆ ಮಾಡಿದ ಅರ್ಹ ಖರ್ಚಿನ ನೂರಕ್ಕೆ 20ರಷ್ಟು ಒಂದು. ಕಡಿಮೆ ಆದಾಯದವರ ಬಾಡಿಗೆ ಮನೆಗೆ ಹೂಡಿದ ಬಂಡವಾಳಕ್ಕೆ ಸಿಗುವುದು ಇನ್ನೊಂದು. ಎರಡನ್ನೂ ಒಂದೇ ಕಟ್ಟಡಕ್ಕೆ ಹೊಂದಿಸಬಹುದು. ಹಳೆಯ ಶಾಲೆ, ಗಿರಣಿ, ಹೋಟೆಲುಗಳು ಹೀಗೆ ವಸತಿಯಾಗಿವೆ. ಆದರೆ ಬೀದಿಯಲ್ಲಿ ಚದುರಿರುವ ಮೂರು ಕೋಣೆಯ ಮನೆಗಳಿಗೆ ಈ ದಾರಿ ಕಷ್ಟ. ವಕೀಲರು, ಲೆಕ್ಕಿಗರು, ಹೂಡಿಕೆದಾರರೊಂದಿಗಿನ ಒಪ್ಪಂದ, ಇವುಗಳ ಖರ್ಚು ಮನೆ ಸಣ್ಣದಾದರೂ ಅಷ್ಟೇ ಇರುತ್ತದೆ. ತನ್ನದೇ ಮನೆಯಲ್ಲಿ ವಾಸಿಸುವವನಿಗಂತೂ ಮೊದಲನೆಯ ರಿಯಾಯಿತಿ ಸಿಗುವುದೇ ಇಲ್ಲ. ಆದ್ದರಿಂದ ಸಣ್ಣ ಮನೆಗಳನ್ನು ಇಪ್ಪತ್ತು ಮೂವತ್ತರ ಗುಂಪು ಮಾಡಿ ಒಂದೇ ಯೋಜನೆಯಾಗಿ ತೋರಿಸುವ ಸಂಸ್ಥೆ ಊರಿನಲ್ಲಿ ಇರಬೇಕು.

ನೆಲವನ್ನೇ ಮಾರುಕಟ್ಟೆಯಿಂದ ಹೊರಗಿಡುವ ಸಮುದಾಯ ಭೂ ಟ್ರಸ್ಟುಗಳು ನನಗೆ ಹೆಚ್ಚು ಭರವಸೆ ಕೊಡುತ್ತವೆ. ನೆಲ ಟ್ರಸ್ಟಿನದು, ಮನೆ ಮಾತ್ರ ಕೊಂಡವನದು, ನಡುವೆ ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ. ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್‌ಟನ್‌ನಲ್ಲಿ 1984ರಲ್ಲಿ ಹುಟ್ಟಿದ ಟ್ರಸ್ಟಿನಲ್ಲಿ ಮನೆ ಮಾರುವವನಿಗೆ ಏರಿದ ಬೆಲೆಯ ಕಾಲು ಭಾಗ ಸಿಗುತ್ತದೆ, ಉಳಿದದ್ದು ಮನೆಯಲ್ಲೇ ಉಳಿದು ಮುಂದಿನ ಸಂಸಾರಕ್ಕೆ ಬೆಲೆ ತಗ್ಗಿಸುತ್ತದೆ. ಲಿವರ್‌ಪೂಲಿನ ಗ್ರ್ಯಾನ್ಬಿಯಲ್ಲಿ ಖಾಲಿ ಮಾಡಿಸಿದ ಬೀದಿಗಳನ್ನು ಉಳಿದ ಕೆಲವೇ ನಿವಾಸಿಗಳು ಹೂಕುಂಡ ಇಟ್ಟು, ಹಲಗೆ ಬಡಿದ ಕಿಟಕಿಗಳಿಗೆ ಬಣ್ಣ ಬಳಿದು, ಸಂತೆ ನಡೆಸಿ ಜೀವಂತವಾಗಿಟ್ಟರು. 2011ರಲ್ಲಿ ಟ್ರಸ್ಟ್ ಮಾಡಿಕೊಂಡು ಹತ್ತು ಮನೆಗಳನ್ನು ಪಡೆದರು. ಅವರೊಂದಿಗೆ ಕೆಲಸ ಮಾಡಿದ ಅಸೆಂಬಲ್ ಎಂಬ ವಿನ್ಯಾಸಕಾರರ ತಂಡಕ್ಕೆ ಬ್ರಿಟನ್ನಿನ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ 2015ರಲ್ಲಿ ಬಂತು. ಹತ್ತೇ ಮನೆ ಎಂದು ತಾತ್ಸಾರ ಮಾಡುವ ಮುನ್ನ, ಅವನ್ನು ಕೆಡವಲು ಹಿಂದೆ ಎಷ್ಟು ದೊಡ್ಡ ಯೋಜನೆಗಳಿದ್ದವು ಎಂಬುದನ್ನು ನೆನೆಯಬೇಕು.

ಲೆಕ್ಕಕ್ಕೆ ಸಿಗದ ಸಂಸಾರಗಳು

ಇಷ್ಟೆಲ್ಲ ಸರಿಯಿದ್ದರೂ ಒಂದು ಕಷ್ಟ ಉಳಿಯುತ್ತದೆ. ಶಿಥಿಲ ಮನೆಗಳಲ್ಲಿ ಜನ ಕಿಕ್ಕಿರಿದಿರುತ್ತಾರೆ. ಕ್ಯೂಬಾದ ಹವಾನಾದ ಹಳೆಯ ಊರಿನಲ್ಲಿ 1993ರಲ್ಲಿ, ಇತಿಹಾಸಕಾರ ಯುಸೇಬಿಯೊ ಲೆಯಾಲ್ ಅವರ ಕಚೇರಿ ಪ್ರವಾಸೋದ್ಯಮದಿಂದ ಬಂದ ಹಣವನ್ನು ನೇರವಾಗಿ ರಿಪೇರಿಗೆ ಹಾಕುವ ಅಧಿಕಾರ ಪಡೆಯಿತು. ಅಲ್ಲೂ ಇದೇ ಇಕ್ಕಟ್ಟು: ಎಂಟು ಸಂಸಾರ ತುಂಬಿದ್ದ ಹಳೆಯ ಮಹಲಿನಲ್ಲಿ ಪ್ರತಿ ಮನೆಗೂ ಬಚ್ಚಲು, ಗಾಳಿ, ಬೆಳಕು ಕೊಟ್ಟರೆ ಎಂಟು ಮನೆ ಹಿಡಿಸುವುದಿಲ್ಲ. ಉಳಿದವರು ಎಲ್ಲಿ ಹೋಗಬೇಕು? ಪಕ್ಕದ ಖಾಲಿ ನಿವೇಶನದಲ್ಲಿ ಹೊಸ ಮನೆ ಕಟ್ಟದೆ ಇದಕ್ಕೆ ಪ್ರಾಮಾಣಿಕ ಉತ್ತರವಿಲ್ಲ. ಹಳೆಯದನ್ನು ಉಳಿಸುವವರು ಹೊಸ ಕಟ್ಟಡವನ್ನು ಶತ್ರುವೆಂದು ನೋಡಿದರೆ ಬೀದಿಪಾಲಾಗುವುದು ಆ ಉಳಿದ ಸಂಸಾರಗಳೇ.

1985ರ ಸೆಪ್ಟೆಂಬರ್ 19ರ ಭೂಕಂಪದ ನಂತರ ಮೆಕ್ಸಿಕೊ ನಗರ ಈ ಕೆಲಸವನ್ನು ಯಾರೂ ಊಹಿಸದ ಪ್ರಮಾಣದಲ್ಲಿ ಮಾಡಿತು. ವಠಾರದ ಜನ ತಮ್ಮ ಜಾಗ ಬಿಟ್ಟು ಕದಲುವುದಿಲ್ಲವೆಂದು ಬೀದಿಗಿಳಿದರು. ಸರ್ಕಾರ ಸಾವಿರಾರು ನಿವೇಶನಗಳನ್ನು ಸ್ವಾಧೀನ ಮಾಡಿಕೊಂಡು, ಜನರನ್ನು ಅದೇ ಬೀದಿಗಳ ತಾತ್ಕಾಲಿಕ ಸೂರುಗಳಲ್ಲಿ ಇರಿಸಿ, ಎರಡು ವರ್ಷಗಳಷ್ಟರಲ್ಲಿ ಸುಮಾರು 48 ಸಾವಿರ ಮನೆಗಳನ್ನು ಕೊಟ್ಟಿತು. ಬಹಳಷ್ಟು ಹೊಸದಾಗಿ ಕಟ್ಟಿದವು. ಪಾರಂಪರಿಕ ವಠಾರಗಳನ್ನು ಮಾತ್ರ ಸರಿಪಡಿಸಿ ಅದೇ ಜನರಿಗೆ ಕೊಟ್ಟರು. ಬಾಡಿಗೆದಾರರು ಮಾಲೀಕರಾದರು. ಭೂಕಂಪವಾಗದೆ ಇಷ್ಟು ಇಚ್ಛಾಶಕ್ತಿ ಬರುವುದಿಲ್ಲವೇ ಎಂದು ಯೋಚಿಸಿದಾಗ ನೋವಾಗುತ್ತದೆ.

ಕರಾರು ಇದ್ದರೆ ಸಾಲದು, ಅದರ ಅವಧಿಯನ್ನೂ ನೋಡಬೇಕು. ವಿಯೆನ್ನಾದಲ್ಲಿ ಹದಿನೈದು ವರ್ಷ. ಅಮೆರಿಕದ ಕಡಿಮೆ ಆದಾಯದ ವಸತಿಗೆ ಸಾಮಾನ್ಯವಾಗಿ ಮೂವತ್ತು ವರ್ಷ; 1990ರ ದಶಕದ ಮನೆಗಳ ಗಡುವು ಈಗ ಒಂದೊಂದಾಗಿ ತೀರುತ್ತಿದೆ. ಆಗ ಸರ್ಕಾರದ ಮುಂದಿರುವುದು ಮತ್ತೆ ಹಣ ಸುರಿದು ಕರಾರು ಮುಂದುವರಿಸುವುದು, ಇಲ್ಲವೇ ಬಾಡಿಗೆ ಮಾರುಕಟ್ಟೆಗೆ ಬಿಡುವುದು. ನೂರು ವರ್ಷ ನಿಂತ ಗೋಡೆಯನ್ನು ಇನ್ನೂ ನೂರು ವರ್ಷಕ್ಕೆಂದು ಗಟ್ಟಿ ಮಾಡಿ, ಅದರೊಳಗಿನ ಬಾಡಿಗೆಗೆ ಹದಿನೈದೇ ವರ್ಷದ ಭರವಸೆ ಕೊಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅನುದಾನ ಕೊಡುವ ದಿನವೇ ನೆಲವನ್ನು ಟ್ರಸ್ಟಿಗೋ ಊರಾಡಳಿತಕ್ಕೋ ಬರೆಸಿಕೊಳ್ಳಬೇಕು. ಅದಕ್ಕೆ ಒಪ್ಪದ ಮಾಲೀಕನಿಗೆ ಅನುದಾನದ ಬದಲು ಮಾಡು ಸರಿಪಡಿಸಲು ಸಾಲ ಸಾಕು, ಮನೆ ಮಾರಿದ ದಿನ ಬಡ್ಡಿಸಮೇತ ತೀರಿಸುವ ಸಾಲ.